ಸೀಕ್ವೆಲ್‌ಗೆ ದುಡ್ಡು ಹಾಕುವ ಮುಂಚೆ: ಏನು ನೋಡಬೇಕು, ಎರಡು ಗಂಟೆಯಲ್ಲಿ ಹೇಗೆ ಪರೀಕ್ಷಿಸಬೇಕು, ರಿಫಂಡ್ ಹೇಗೆ ಪಡೆಯಬೇಕು

ವರ್ಷಗಟ್ಟಲೆ ಆಡಿದ ಗೇಮ್‌ನ ಎರಡನೇ ಭಾಗ ಬರುತ್ತಿದೆ ಎಂದರೆ ಕೈ ತಾನಾಗಿಯೇ ಪ್ರಿ-ಆರ್ಡರ್ ಬಟನ್ ಕಡೆ ಹೋಗುತ್ತದೆ. ಆಮೇಲೆ ಫ್ರೇಮ್ ರೇಟ್ (ಸೆಕೆಂಡಿಗೆ ತೆರೆಯ ಮೇಲೆ ಮೂಡುವ ಚಿತ್ರಗಳ ಸಂಖ್ಯೆ) ಇಪ್ಪತ್ತಕ್ಕೆ ಇಳಿಯುತ್ತದೆ, ಸರ್ವರ್ ಬಾಗಿಲು ತೆರೆಯುವುದಿಲ್ಲ, ಹಳೆಯದರಲ್ಲಿ ಇದ್ದ ಎಷ್ಟೋ ಸೌಲಭ್ಯ ಹೊಸದರಲ್ಲಿ ಕಾಣುವುದಿಲ್ಲ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ನೆಲಕಚ್ಚಿದ ದೊಡ್ಡ ಸೀಕ್ವೆಲ್‌ಗಳನ್ನು ಸಾಲಾಗಿ ಇಟ್ಟು ನೋಡಿದರೆ, ಹೆಚ್ಚಿನವುಗಳ ಲಕ್ಷಣ ಬಿಡುಗಡೆಗೆ ಮುಂಚೆಯೇ, ಇಲ್ಲವೇ ಬಿಡುಗಡೆಯಾದ ಮೊದಲ ವಾರದಲ್ಲೇ ಎಲ್ಲರ ಕಣ್ಣೆದುರಿಗಿತ್ತು. ಅದನ್ನು ಓದುವುದು ಹೇಗೆ, ಓದಿಯೂ ತಪ್ಪಾದರೆ ದುಡ್ಡು ವಾಪಸ್ ತರಿಸುವುದು ಹೇಗೆ ಎಂಬುದಷ್ಟೇ ಇಲ್ಲಿರುವುದು. ಹೆಚ್ಚು ಮಾತು ಪಿಸಿ ಮತ್ತು ಅದಕ್ಕೆ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ಬಗ್ಗೆ. ಕನ್ಸೋಲ್‌ನವರಿಗೆ ಬೇಕಾದದ್ದು ನಡುನಡುವೆ ಬರುತ್ತದೆ.

ಹೋಲಿಕೆ ಯಾವುದರ ಜೊತೆ?

ಹೊಸ ಗೇಮ್ ಪೈಪೋಟಿಗೆ ಇಳಿಯುವುದು ಹಳೆಯ ಗೇಮ್ ಬಿಡುಗಡೆಯಾದ ದಿನ ಹೇಗಿತ್ತೋ ಅದರ ಜೊತೆಗಲ್ಲ, ಇವತ್ತು ನಿಮ್ಮ ಕಂಪ್ಯೂಟರ್‌ನಲ್ಲಿ ಹೇಗಿದೆಯೋ ಅದರ ಜೊತೆ. ಊರು ಕಟ್ಟುವ ಗೇಮ್ ಸಿಟೀಸ್: ಸ್ಕೈಲೈನ್ಸ್ ಬಂದದ್ದು 2015ರ ಮಾರ್ಚ್‌ನಲ್ಲಿ. ಎರಡನೇ ಭಾಗ ಬಂದದ್ದು 2023ರ ಅಕ್ಟೋಬರ್ 24ರಂದು. ನಡುವಿನ ಎಂಟೂವರೆ ವರ್ಷದಲ್ಲಿ ಮೊದಲನೆಯದಕ್ಕೆ ಸಾಲುಸಾಲು ಡಿಎಲ್‌ಸಿ (ಗೇಮ್‌ಗೆ ಆಮೇಲೆ ಸೇರಿಸುವ ಹೆಚ್ಚುವರಿ ಭಾಗ) ಬಂದವು, ಸ್ಟೀಮ್ ವರ್ಕ್‌ಶಾಪ್ ಎಂಬ ವಿಭಾಗದಲ್ಲಿ ಆಟಗಾರರೇ ಮಾಡಿ ಹಂಚುವ ಬದಲಾವಣೆಗಳ, ಅಂದರೆ ಮಾಡ್‌ಗಳ ರಾಶಿಯೇ ಬೆಳೆಯಿತು. ಎರಡನೆಯದು ಬಂದಾಗ ಅದರಲ್ಲಿ ಸೈಕಲ್ ಕೂಡ ಇರಲಿಲ್ಲ. ಮಾಡ್‌ಗಳಿಗೆ ವರ್ಕ್‌ಶಾಪ್ ಬಿಟ್ಟು ಪ್ಯಾರಡಾಕ್ಸ್ ಮಾಡ್ಸ್ ಎಂಬ ಬೇರೆ ವ್ಯವಸ್ಥೆ ಎಂದರು, ಬಿಡುಗಡೆಯ ದಿನ ಅದೂ ತಯಾರಿರಲಿಲ್ಲ. ಸಿವಿಲೈಸೇಷನ್ 7 ಬಂದಾಗಲೂ (2025ರ ಫೆಬ್ರವರಿ 11) ಜನ ಅದನ್ನು ಅಳೆದದ್ದು ಎರಡು ದೊಡ್ಡ ಎಕ್ಸ್‌ಪಾನ್ಷನ್ (ಗೇಮ್ ಹಿಗ್ಗಿಸುವ ದೊಡ್ಡ ಡಿಎಲ್‌ಸಿ) ಸೇರಿ ಮಾಗಿದ್ದ ಆರನೆಯದರ ಪಕ್ಕದಲ್ಲಿಟ್ಟು.

ಆದ್ದರಿಂದ ಮೊದಲ ಕೆಲಸ ಕಾಗದದ ಮೇಲೆ. ಹಳೆಯ ಗೇಮ್‌ನಲ್ಲಿ ನೀವು ಇತ್ತೀಚೆಗೆ ನಿಜವಾಗಿ ಮಾಡಿದ ಹತ್ತು ಕೆಲಸ ಬರೆಯಿರಿ. 'ಗ್ರಾಫಿಕ್ಸ್ ಚೆನ್ನಾಗಿದೆ' ಎಂಬಂಥದ್ದು ಬೇಡ. 'ತಮ್ಮನ ಜೊತೆ ಒಂದೇ ಟಿವಿಯಲ್ಲಿ ಸ್ಪ್ಲಿಟ್ ಸ್ಕ್ರೀನ್ ಆಡುತ್ತೇನೆ', 'ನೆಟ್ ಇಲ್ಲದಾಗ ಕಂಪ್ಯೂಟರ್ ಆಡಿಸುವ ಬಾಟ್‌ಗಳ ಜೊತೆ ಆಡುತ್ತೇನೆ', 'ಟ್ರಾಫಿಕ್ ಸರಿಪಡಿಸುವ ಮಾಡ್ ಇಲ್ಲದೆ ಊರು ಕಟ್ಟುವುದಿಲ್ಲ' ಎಂಬಂಥದ್ದು ಬೇಕು. ನಿಮಗೆ ಮುಖ್ಯವಾದದ್ದು ಮೇಲೆ ಬರಲಿ. ಪಕ್ಕದಲ್ಲಿ ಮೂರು ಕಾಲಂ: ಇದೆ, ಇಲ್ಲ, ಆಮೇಲೆ ಬರುತ್ತದೆ. ಸ್ಟೋರ್ ಪುಟ, ಡೆವಲಪರ್ ಹಾಕಿದ ಪ್ರಶ್ನೋತ್ತರ, ಎಡಿಟ್ ಮಾಡದ ಅರ್ಧ ಗಂಟೆಯ ಗೇಮ್‌ಪ್ಲೇ ವಿಡಿಯೊ ಇವಿಷ್ಟು ನೋಡಿ ತುಂಬಿಸಿ. ಟ್ರೇಲರ್ ಲೆಕ್ಕಕ್ಕಿಲ್ಲ. 'ಆಮೇಲೆ ಬರುತ್ತದೆ' ಎಂಬುದನ್ನೆಲ್ಲ 'ಇಲ್ಲ' ಎಂದೇ ಎಣಿಸಿ. ಮೇಲಿನ ಮೂರರಲ್ಲಿ ಒಂದು ಇಲ್ಲವಾದರೂ ಬಿಡುಗಡೆಯ ದಿನ ಕೊಳ್ಳಬೇಡಿ. ಹತ್ತರಲ್ಲಿ ನಾಲ್ಕು ಇಲ್ಲವಾದರೆ ಅರ್ಧ ಬೆಲೆಗೆ ಇಳಿಯುವವರೆಗೆ ಮರೆತುಬಿಡಿ.

ತೀರಾ ಸಣ್ಣದು, ಇದ್ದೇ ಇರುತ್ತದೆ ಎಂದುಕೊಂಡದ್ದನ್ನೂ ಬರೆಯಿರಿ. ಬ್ಯಾಟಲ್‌ಫೀಲ್ಡ್ 2042 (2021ರ ನವೆಂಬರ್) ಬಂದಾಗ ಆ ಸರಣಿಯಲ್ಲಿ ಮೊದಲಿನಿಂದ ಇದ್ದ ಸ್ಕೋರ್‌ಬೋರ್ಡ್ ಇರಲಿಲ್ಲ, ಗೇಮ್ ಒಳಗಿನ ವಾಯ್ಸ್ ಚಾಟ್ ಇರಲಿಲ್ಲ. ಸೈನಿಕರ ಕ್ಲಾಸ್‌ಗಳ ಜಾಗಕ್ಕೆ ಹೆಸರಿರುವ ಸ್ಪೆಷಲಿಸ್ಟ್‌ಗಳು ಬಂದಿದ್ದರು. ಶೂಟರ್ ಒಂದರಲ್ಲಿ ಸ್ಕೋರ್‌ಬೋರ್ಡ್ ಇದೆಯೇ ಎಂದು ಕೇಳಿ ನೋಡಬೇಕೆಂದು ಯಾರಿಗೆ ತಾನೆ ಹೊಳೆಯುತ್ತದೆ?

ರೋಡ್‌ಮ್ಯಾಪ್‌ಗೆ ಬೆಲೆ ಕಟ್ಟುವುದು

ರೋಡ್‌ಮ್ಯಾಪ್ ಎಂದರೆ ಮುಂದೆ ಏನೇನು ಬರುತ್ತದೆ ಎಂದು ಡೆವಲಪರ್ ಕೊಡುವ ಪಟ್ಟಿ. ರಾಕೆಟ್ ಕಟ್ಟಿ ಹಾರಿಸುವ ಗೇಮ್ ಕರ್ಬಲ್ ಸ್ಪೇಸ್ ಪ್ರೋಗ್ರಾಂ 2 ಈ ವಿಷಯದಲ್ಲಿ ಪೂರ್ತಿ ಪಾಠ. ಸ್ವಲ್ಪ ನಿಂತು ನೋಡುವಂಥದ್ದು. ಮೊದಲನೆಯದನ್ನು ಮಾಡಿದ್ದು ಮೆಕ್ಸಿಕೊ ಸಿಟಿಯ ಸ್ಕ್ವಾಡ್. ಎರಡನೆಯದನ್ನು 2019ರಲ್ಲಿ ಘೋಷಿಸಿದಾಗ ಮಾಡುತ್ತಿದ್ದದ್ದು ಸ್ಟಾರ್ ಥಿಯರಿ ಎಂಬ ಬೇರೆ ಸ್ಟುಡಿಯೊ. ಅವರಿಂದ ಕೆಲಸ ಕಿತ್ತು ಇಂಟರ್‌ಸೆಪ್ಟ್ ಗೇಮ್ಸ್‌ಗೆ ಕೊಟ್ಟರು. ದಿನಾಂಕ ಮತ್ತೆ ಮತ್ತೆ ಮುಂದೆ ಹೋಗಿ, ಕೊನೆಗೆ 2023ರ ಫೆಬ್ರವರಿ 24ರಂದು ಅರ್ಲಿ ಆಕ್ಸೆಸ್ (ಪೂರ್ತಿಯಾಗುವ ಮುಂಚೆಯೇ ಮಾರುವುದು) ಹೆಸರಿನಲ್ಲಿ ಬಂತು. ಬೆಲೆ 49.99 ಡಾಲರ್, ಅಂದರೆ ಪೂರ್ತಿಯಾದ ಮೊದಲ ಗೇಮ್‌ಗಿಂತಲೂ ಜಾಸ್ತಿ.

ಆ ದಿನ ಕೈಗೆ ಸಿಕ್ಕಿದ್ದೇನು? ಸ್ಯಾಂಡ್‌ಬಾಕ್ಸ್, ಅಂದರೆ ಗುರಿಯಿಲ್ಲದೆ ಮನಸ್ಸಿಗೆ ಬಂದಂತೆ ಆಡುವುದು ಮಾತ್ರ. ಸೈನ್ಸ್ ಮೋಡ್ ಇಲ್ಲ. ವಾತಾವರಣಕ್ಕೆ ಮರಳುವಾಗ ನೌಕೆ ಬಿಸಿಯಾಗುವುದೂ ಇಲ್ಲ, ಹೀಟ್ ಶೀಲ್ಡ್ ಇಲ್ಲದೆಯೇ ಸಲೀಸಾಗಿ ಇಳಿಯಬಹುದಿತ್ತು. ಕನಿಷ್ಠ ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 2060, ಶಿಫಾರಸು ಮಾಡಿದ್ದು ಆರ್‌ಟಿಎಕ್ಸ್ 3080. ಬಿಡಿಭಾಗ ಹೆಚ್ಚಿರುವ ರಾಕೆಟ್ ಕಟ್ಟಿದರೆ ಅಂಥ ಕಾರ್ಡೂ ಏದುಸಿರು ಬಿಡುತ್ತಿತ್ತು. ರೋಡ್‌ಮ್ಯಾಪ್‌ನಲ್ಲಿ ಐದು ದೊಡ್ಡ ಮೆಟ್ಟಿಲು ಇದ್ದವು: ಸೈನ್ಸ್, ಕಾಲೊನಿ, ನಕ್ಷತ್ರಗಳ ನಡುವಿನ ಪ್ರಯಾಣ, ಸಂಪನ್ಮೂಲ ಶೋಧ, ಮಲ್ಟಿಪ್ಲೇಯರ್. ಮೊದಲ ಮೆಟ್ಟಿಲು ಬರಲು 2023ರ ಡಿಸೆಂಬರ್ ಆಯಿತು. 2024ರ ಮೇ ತಿಂಗಳ ಹೊತ್ತಿಗೆ ಸ್ಟುಡಿಯೊದವರಿಗೆ ಕೆಲಸ ಹೋಗುವ ಸುದ್ದಿ, ಜೂನ್‌ನಲ್ಲಿ ಕೊನೆಯ ಅಪ್‌ಡೇಟ್. ಉಳಿದ ನಾಲ್ಕು ಮೆಟ್ಟಿಲು ಬರಲೇ ಇಲ್ಲ. ದುಡ್ಡು ಕೊಟ್ಟವರಿಗೆ ಹಳೆ ಗಂಡನ ಪಾದವೇ ಗತಿಯಾಯಿತು. ಮೊದಲ ಕರ್ಬಲ್ ಈಗಲೂ ಮಾಡ್‌ಗಳ ಬಲದಿಂದ ಚೆನ್ನಾಗಿ ಓಡುತ್ತದೆ.

ಇದನ್ನು ಲೆಕ್ಕಕ್ಕೆ ಇಳಿಸುವ ಬಗೆ ಹೀಗೆ. ಸ್ಟೋರ್ ಪುಟದಲ್ಲಿ ಅರ್ಲಿ ಆಕ್ಸೆಸ್ ಎಂಬ ನೀಲಿ ಪಟ್ಟಿ ಕಂಡರೆ ಅದರ ಕೆಳಗಿನ ಪ್ರಶ್ನೋತ್ತರದಲ್ಲಿ 'ಈಗಿನ ಸ್ಥಿತಿ ಏನು' ಎಂಬ ಉತ್ತರವೊಂದನ್ನೇ ಓದಿ. ಅಲ್ಲಿ ಬರೆದದ್ದಕ್ಕೆ ಮಾತ್ರ ಈ ಬೆಲೆ ಕೊಡಬಹುದೇ ಎಂದು ನೋಡಿ. 'ಪೂರ್ತಿ ಆವೃತ್ತಿ ಹೇಗಿರುತ್ತದೆ' ಎಂಬ ಉತ್ತರಕ್ಕೆ ಸೊನ್ನೆ ಬೆಲೆ. ಆಮೇಲೆ ನ್ಯೂಸ್ ವಿಭಾಗಕ್ಕೆ ಹೋಗಿ ಕೊನೆಯ ಮೂರು ಅಪ್‌ಡೇಟ್‌ಗಳ ದಿನಾಂಕ ಬರೆದುಕೊಳ್ಳಿ. ಎರಡು ಅಪ್‌ಡೇಟ್ ನಡುವಿನ ಅಂತರ ಬೆಳೆಯುತ್ತಾ ಹೋಗಿದ್ದರೆ ದೂರ ಉಳಿಯಿರಿ. ವರ್ಷಕ್ಕಿಂತ ಹೆಚ್ಚು ಕಾಲ ಅಪ್‌ಡೇಟ್ ಇಲ್ಲದ ಅರ್ಲಿ ಆಕ್ಸೆಸ್ ಗೇಮ್ ಪುಟದ ಮೇಲೆ ಸ್ಟೀಮ್ ಈಗ ತಾನೇ ಎಚ್ಚರಿಕೆ ಹಾಕುತ್ತದೆ, ಆದರೆ ಅಷ್ಟು ಹೊತ್ತಿಗೆ ಕೊಂಡವರು ಕೊಂಡಾಗಿರುತ್ತದೆ.

ಅರ್ಲಿ ಆಕ್ಸೆಸ್ ಎಂದರೆ ಮೋಸ ಎಂದೇನೂ ಅಲ್ಲ. ಬಾಲ್ಡರ್ಸ್ ಗೇಟ್ 3 ಕೂಡ 2020ರ ಅಕ್ಟೋಬರ್‌ನಿಂದ 2023ರ ಆಗಸ್ಟ್‌ವರೆಗೆ ಅರ್ಲಿ ಆಕ್ಸೆಸ್‌ನಲ್ಲೇ ಇತ್ತು. ಅಲ್ಲಿ ಮೊದಲ ದಿನವೇ ಕಥೆಯ ಮೊದಲ ಅಂಕದ ಬಹುಭಾಗವನ್ನು ಆಡಬಹುದಿತ್ತು. ಭರವಸೆಗೆ ಮುಂಚೆ ಆಡಲು ಏನೋ ಇತ್ತು.

ಹೆಸರು ಅದೇ, ಕೈ ಯಾರದು?

ಸ್ಟೋರ್ ಪುಟದಲ್ಲಿ ಡೆವಲಪರ್ ಹೆಸರನ್ನು ಹಳೆಯ ಗೇಮ್ ಪುಟದ ಜೊತೆ ಹೋಲಿಸಿ. ಗೇಮ್ ಮಾರುವ ಪಬ್ಲಿಷರ್ ಹೆಸರನ್ನಲ್ಲ, ಜನ ಮೋಸಹೋಗುವುದು ಅಲ್ಲೇ. ವ್ಯಾಂಪೈರ್: ದಿ ಮಾಸ್ಕರೇಡ್ – ಬ್ಲಡ್‌ಲೈನ್ಸ್ 2 ಅನ್ನು 2019ರಲ್ಲಿ ಘೋಷಿಸಿದಾಗ ಮಾಡುತ್ತಿದ್ದವರು ಹಾರ್ಡ್‌ಸೂಟ್ ಲ್ಯಾಬ್ಸ್, 2021ರಲ್ಲಿ ಅವರನ್ನು ಬಿಡಿಸಿದರು, 2025ರ ಅಕ್ಟೋಬರ್‌ನಲ್ಲಿ ಬಂದದ್ದು ದಿ ಚೈನೀಸ್ ರೂಮ್ ಮಾಡಿದ್ದು. ಒಂದೇ ಸ್ಟುಡಿಯೊ ಹೆಸರಿನ ಒಳಗೂ ಬೇರೆ ತಂಡ ಇರಬಹುದು. ಮಾಸ್ ಎಫೆಕ್ಟ್: ಆಂಡ್ರೊಮಿಡಾ (2017) ಬಯೋವೇರ್ ಹೆಸರಿನಲ್ಲೇ ಬಂತು, ಆದರೆ ಮೊದಲ ಮೂರು ಭಾಗ ಮಾಡಿದ ಎಡ್ಮಂಟನ್ ತಂಡದಿಂದಲ್ಲ, ಮಾಂಟ್ರಿಯಲ್ ತಂಡದಿಂದ. ಜೊತೆಗೆ ಎಂಜಿನ್ (ಗೇಮ್ ಕಟ್ಟಲು ಬಳಸುವ ಮೂಲ ಸಾಫ್ಟ್‌ವೇರ್) ಕೂಡ ಬದಲಾಗಿತ್ತು. ಬ್ಯಾಟಲ್‌ಫೀಲ್ಡ್‌ನಂಥ ಶೂಟರ್‌ಗೆಂದು ಹುಟ್ಟಿದ ಫ್ರಾಸ್ಟ್‌ಬೈಟ್‌ನಲ್ಲಿ ರೋಲ್-ಪ್ಲೇಯಿಂಗ್ ಗೇಮ್‌ಗೆ ಬೇಕಾದ ಎಷ್ಟೋ ಸಲಕರಣೆಯನ್ನು ಹೊಸದಾಗಿ ಕಟ್ಟಿಕೊಳ್ಳಬೇಕಿತ್ತು. ಬಿಡುಗಡೆಯ ವಾರ ಎಲ್ಲರೂ ನಕ್ಕ ಆ ಮರಗಟ್ಟಿದ ಮುಖಗಳು ಇಂಥ ಅವಸರದ ಫಲ.

ತಂಡ ಬದಲು ಅಥವಾ ಎಂಜಿನ್ ಬದಲು, ಒಂದೇ ಆಗಿದ್ದರೆ ಒಂದು ತಿಂಗಳು ಕಾಯಿರಿ. ಎರಡೂ ಆಗಿದ್ದರೆ ಆರು ತಿಂಗಳು. ಕಾಯುವುದರಿಂದ ಕಳೆದುಕೊಳ್ಳುವುದು ಏನೂ ಇಲ್ಲ, ಬೆಲೆಯೂ ಇಳಿದಿರುತ್ತದೆ.

ಸಿಸ್ಟಮ್ ರಿಕ್ವೈರ್‌ಮೆಂಟ್ ಒಳಗಿನ ಗುಟ್ಟು

ಇಲ್ಲಿ ನೋಡಬೇಕಾದ್ದು ಕಾರ್ಡ್ ಹೆಸರಿಗಿಂತ ಅದರ ಪಕ್ಕದ ಸಣ್ಣ ಅಕ್ಷರ. ಮಾನ್‌ಸ್ಟರ್ ಹಂಟರ್ ವೈಲ್ಡ್ಸ್ (2025ರ ಫೆಬ್ರವರಿ 28) ಶಿಫಾರಸು ಮಾಡಿದ ಕಂಪ್ಯೂಟರ್‌ನಲ್ಲಿ 1080ಪಿಯಲ್ಲಿ 60 ಫ್ರೇಮ್ ಬರುತ್ತದೆ ಎಂದಿತ್ತು, ಆದರೆ ಫ್ರೇಮ್ ಜನರೇಷನ್ ಆನ್ ಮಾಡಿದರೆ. ಇದರ ಅರ್ಥ ಬಿಡಿಸಿ ನೋಡಿ. 60 ಫ್ರೇಮ್ ಎಂದರೆ ಒಂದೊಂದು ಫ್ರೇಮ್‌ಗೆ 16.7 ಮಿಲಿಸೆಕೆಂಡ್. ಫ್ರೇಮ್ ಜನರೇಷನ್ ಎರಡು ನಿಜವಾದ ಫ್ರೇಮ್‌ಗಳ ನಡುವೆ ಒಂದನ್ನು ಊಹಿಸಿ ತುಂಬುತ್ತದೆ. ಹಾಗಾಗಿ ಗೇಮ್ ನಿಜವಾಗಿ ಓಡುತ್ತಿರುವುದು ಸುಮಾರು 30ರಲ್ಲಿ, ನಿಮ್ಮ ಬಟನ್ ಒತ್ತುವಿಕೆಯನ್ನು ಅದು ಗಮನಿಸುವುದು 33 ಮಿಲಿಸೆಕೆಂಡ್‌ಗೊಮ್ಮೆ. ಕಣ್ಣಿಗೆ ನುಣುಪು, ಕೈಗೆ ಭಾರ. ಡ್ರ್ಯಾಗನ್‌ನ ಹೊಡೆತ ತಪ್ಪಿಸಿಕೊಳ್ಳುವ ಗೇಮ್‌ನಲ್ಲಿ ಈ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಈ ತಂತ್ರ ಚೆನ್ನಾಗಿ ಕೆಲಸ ಮಾಡುವುದು ಮೊದಲೇ 60 ಬರುತ್ತಿದ್ದರೆ. 30 ಅನ್ನು 60 ಮಾಡಲು ಬಳಸಿದರೆ ಅದು ತೇಪೆ. ಕ್ಯಾಪ್‌ಕಾಮ್ ಬಿಡುಗಡೆಗೆ ಮುಂಚೆಯೇ ಉಚಿತ ಬೆಂಚ್‌ಮಾರ್ಕ್ ಕೊಟ್ಟಿತ್ತು ಎಂಬುದನ್ನೂ ಹೇಳಬೇಕು. ಇಂಥದ್ದು ಸಿಕ್ಕರೆ ಓಡಿಸದೆ ಕೊಳ್ಳಬೇಡಿ, ಓಡಿಸುವಾಗ ಫ್ರೇಮ್ ಜನರೇಷನ್ ಆಫ್ ಇರಲಿ.

ಎರಡನೇ ಗುಟ್ಟು, ಬಿಡುಗಡೆಗೆ ಮುಂಚೆ ಪಟ್ಟಿಯೇ ಬದಲಾಗುವುದು. ಸಿಟೀಸ್: ಸ್ಕೈಲೈನ್ಸ್ 2 ಬರುವ ಕೆಲವೇ ವಾರ ಮೊದಲು ಶಿಫಾರಸು ಕಾರ್ಡನ್ನು ಆರ್‌ಟಿಎಕ್ಸ್ 3080ಕ್ಕೆ ಏರಿಸಿದರು, ಕನ್ಸೋಲ್ ಆವೃತ್ತಿಯನ್ನು ಮುಂದೂಡಿದರು. ಬಿಡುಗಡೆಗೆ ಒಂದು ವಾರವಿದ್ದಾಗ, ಅಂದುಕೊಂಡ ಪರ್ಫಾರ್ಮೆನ್ಸ್ ಗುರಿ ಮುಟ್ಟಲಿಲ್ಲ ಎಂದು ಗೇಮ್ ಮಾಡಿದ ಕೊಲೊಸಲ್ ಆರ್ಡರ್ ತಾನೇ ಬಾಯಿಬಿಟ್ಟು ಹೇಳಿತು. ಇಷ್ಟು ಸ್ಪಷ್ಟ ಎಚ್ಚರಿಕೆ ಸಿಗುವುದು ಅಪರೂಪ. ಆದರೂ ಕೊಂಡು ಬೈದವರಿಗೆ ಲೆಕ್ಕವಿಲ್ಲ. ಕಾರಣವೂ ಆಮೇಲೆ ಹೊರಬಿತ್ತು: ಆಕಾಶದಿಂದ ಇರುವೆಯಷ್ಟು ಕಾಣುವ ನಾಗರಿಕರ ಬಾಯೊಳಗಿನ ಹಲ್ಲಿನ ತನಕ ಪೂರ್ತಿ ಮಾಡೆಲ್ ಇತ್ತು, ದೂರ ಹೋದಂತೆ ವಿವರ ಇಳಿಸುವ ವ್ಯವಸ್ಥೆ ಸರಿಯಾಗಿರಲಿಲ್ಲ. ಕಾರ್ಡ್‌ಗಳು ಬೆವರುತ್ತಿದ್ದದ್ದು ಕಾಣದ ಹಲ್ಲುಗಳಿಗೆ.

ಬೆಂಚ್‌ಮಾರ್ಕ್ ವಿಡಿಯೊ ನೋಡುವಾಗ ಸರಾಸರಿ ಫ್ರೇಮ್ ಸಂಖ್ಯೆಯನ್ನು ಬಿಟ್ಟು '1% ಲೋ' (ತೀರಾ ನಿಧಾನವಾದ ಒಂದು ಶೇಕಡಾ ಫ್ರೇಮ್‌ಗಳ ವೇಗ) ಎಂದಿರುವುದನ್ನು ನೋಡಿ. ಸರಾಸರಿ 70 ಇದ್ದು 1% ಲೋ 25 ಇದ್ದರೆ ಗೇಮ್ ಜರ್ಕ್ ಹೊಡೆಯುತ್ತದೆ. ವಿಡಿಯೊ ಗೇಮ್‌ನ ಮೊದಲ ಹತ್ತು ನಿಮಿಷದ್ದಾಗಿದ್ದರೆ ಪ್ರಯೋಜನವಿಲ್ಲ. ಡ್ರ್ಯಾಗನ್ಸ್ ಡಾಗ್ಮಾ 2 ಕಾಡಿನಲ್ಲಿ ಸುಮಾರಾಗಿ ಓಡಿ, ವರ್ನ್‌ವರ್ತ್ ಪೇಟೆಗೆ ಕಾಲಿಟ್ಟ ಕೂಡಲೇ ಕುಸಿಯುತ್ತಿತ್ತು, ಯಾಕೆಂದರೆ ಅಲ್ಲಿನ ಜನರ ಲೆಕ್ಕವನ್ನೆಲ್ಲ ಸಿಪಿಯು ಹೊರಬೇಕಿತ್ತು. ಇಂಥ ಕಡೆ ಗ್ರಾಫಿಕ್ಸ್ ಸೆಟ್ಟಿಂಗ್ ಇಳಿಸಿದರೂ ಏನೂ ಆಗುವುದಿಲ್ಲ. ಲ್ಯಾಪ್‌ಟಾಪ್‌ನವರಿಗೆ ಇನ್ನೊಂದು ಮಾತು: ಲ್ಯಾಪ್‌ಟಾಪ್‌ನ ಆರ್‌ಟಿಎಕ್ಸ್ 3060 ಮತ್ತು ಡೆಸ್ಕ್‌ಟಾಪ್‌ನ ಆರ್‌ಟಿಎಕ್ಸ್ 3060 ಒಂದೇ ಅಲ್ಲ. ಮೊದಲನೆಯದಕ್ಕೆ 6 ಜಿಬಿ ಮೆಮೊರಿ, ಎರಡನೆಯದು ಹೆಚ್ಚಾಗಿ 12 ಜಿಬಿ. ವಿಡಿಯೊದಲ್ಲಿ ಯಾವುದು ಎಂದು ಕೇಳಿಸಿಕೊಳ್ಳಿ.

ನೆಟ್ ಹೋದರೆ ಗೇಮ್ ಹೋಯಿತೇ?

ಸ್ಟೋರ್ ಪುಟದ ಬಲಗಡೆ 'ಸಿಂಗಲ್-ಪ್ಲೇಯರ್' ಎಂದು ಬರೆದಿದೆಯೇ, ಬೇರೆ ಕಂಪನಿಯ ಅಕೌಂಟ್ ಬೇಕು ಎಂಬ ಹಳದಿ ಪಟ್ಟಿ ಇದೆಯೇ ನೋಡಿ. ಎರಡೂ ಮುಖ್ಯ. ಪೇಡೇ 2 ಅನ್ನು ಒಬ್ಬರೇ ಕೂತು ಆಡಬಹುದಿತ್ತು. ಪೇಡೇ 3 (2023ರ ಸೆಪ್ಟೆಂಬರ್ 21) ನೆಬ್ಯುಲಾ ಎಂಬ ಅಕೌಂಟ್ ಕೇಳಿತು, ಒಬ್ಬರೇ ಆಡುವುದಕ್ಕೂ ಮ್ಯಾಚ್‌ಮೇಕಿಂಗ್ ಸರ್ವರ್ ಮೂಲಕವೇ ಹೋಗಬೇಕಿತ್ತು. ಸರ್ವರ್ ಬಿದ್ದ ದಿನಗಳಲ್ಲಿ ದುಡ್ಡು ಕೊಟ್ಟವರು ಬ್ಯಾಂಕ್ ದೋಚುವುದಿರಲಿ, ಮೆನು ದಾಟಲಿಲ್ಲ. ಒಬ್ಬರೇ ಆಡುವ ವ್ಯವಸ್ಥೆ ಬಂದದ್ದು ಮರುವರ್ಷ. ಇದೇನೂ ಹೊಸ ಕಾಯಿಲೆಯಲ್ಲ: 2012ರ ಮೇ ತಿಂಗಳಲ್ಲಿ ಸರ್ವರ್ ತುಂಬಿ ಒಳಗೆ ಬಿಡದ ಡಯಾಬ್ಲೊ 3ರ 'ಎರರ್ 37', 2013ರ ಮಾರ್ಚ್‌ನಲ್ಲಿ ಸಿಮ್‌ಸಿಟಿ. ಸಿಮ್‌ಸಿಟಿಗೆ ಆಫ್‌ಲೈನ್ ಮೋಡ್ ಬರಲು ಒಂದು ವರ್ಷ ಹಿಡಿಯಿತು.

ಆನ್‌ಲೈನ್ ಕಡ್ಡಾಯವಾದ ಸೀಕ್ವೆಲ್ ಆದರೆ ಮೊದಲ ಎರಡು ವಾರ ಮುಟ್ಟಲೇಬೇಡಿ. ಆಮೇಲೆ ಭಾರತಕ್ಕೆ ಸರ್ವರ್ ಇದೆಯೇ ವಿಚಾರಿಸಿ. ಬೆಂಗಳೂರಿನಿಂದ ಮುಂಬೈ ಸರ್ವರ್‌ಗೆ ಪಿಂಗ್ (ಸಂಕೇತ ಹೋಗಿ ಬರಲು ಹಿಡಿಯುವ ಸಮಯ) ಸಾಮಾನ್ಯವಾಗಿ 50 ಮಿಲಿಸೆಕೆಂಡ್ ಒಳಗಿರುತ್ತದೆ, ಯುರೋಪಿನದಾದರೆ 150ರ ಆಸುಪಾಸು. ಹಳೆಯ ಗೇಮ್‌ಗೆ ಮುಂಬೈ ಸರ್ವರ್ ಇತ್ತೆಂದು ಹೊಸದಕ್ಕೂ ಇರಬೇಕೆಂದಿಲ್ಲ.

ರಿವ್ಯೂ ಜರಡಿ

ಸ್ಟೀಮ್‌ನಲ್ಲಿ 40ರಿಂದ 69 ಶೇಕಡಾ ಮೆಚ್ಚುಗೆ ಇದ್ದರೆ 'ಮಿಕ್ಸೆಡ್', 20ರಿಂದ 39 ಇದ್ದರೆ 'ಮೋಸ್ಟ್ಲಿ ನೆಗೆಟಿವ್' ಎಂದು ಬರುತ್ತದೆ. ಈ ಪಟ್ಟಿ ಮಾತ್ರ ನೋಡಿ ತೀರ್ಮಾನಿಸಬೇಡಿ. ರಿವ್ಯೂ ವಿಭಾಗದಲ್ಲಿ 'ಪ್ಲೇಟೈಮ್' ಫಿಲ್ಟರ್ ಇದೆ, ಅದನ್ನು ಕನಿಷ್ಠ 10 ಗಂಟೆಗೆ ಇಡಿ. ಆಮೇಲೆ ನೆಗೆಟಿವ್ ಮಾತ್ರ ತೋರಿಸುವಂತೆ ಮಾಡಿ ಇಪ್ಪತ್ತು ರಿವ್ಯೂ ಓದಿ. ದೂರುಗಳು ಮೂರು ಗುಂಪಿಗೆ ಬೀಳುತ್ತವೆ: ಓಡುವುದಿಲ್ಲ, ಇದ್ದದ್ದು ಇಲ್ಲ, ಆಟದ ಸ್ವಭಾವವೇ ಬದಲಾಗಿದೆ. ಮೊದಲನೆಯದು ಪ್ಯಾಚ್‌ನಿಂದ (ದೋಷ ತಿದ್ದುವ ಅಪ್‌ಡೇಟ್) ಸರಿಯಾಗುವ ಸಾಧ್ಯತೆ ಹೆಚ್ಚು. ಎರಡನೆಯದು ನಿಧಾನಕ್ಕೆ ಬರಬಹುದು, ಕೆಲವೊಮ್ಮೆ ದುಡ್ಡು ಕೇಳಿಕೊಂಡು ಬರುತ್ತದೆ. ಮೂರನೆಯದು ಸರಿಯಾಗುವುದು ಅಪರೂಪ. ಸಿವಿಲೈಸೇಷನ್ 7ರಲ್ಲಿ ಯುಗ ಬದಲಾದಾಗ ನಾಗರಿಕತೆಯನ್ನೇ ಬದಲಿಸಬೇಕಿತ್ತು ಎಂಬುದು ಬಗ್ ಅಲ್ಲ, ಬಿಡುಗಡೆಯಾದಾಗ ಗೇಮ್ ನಿಂತಿದ್ದೇ ಅದರ ಮೇಲೆ. ಒಂದೇ ಸಾಮ್ರಾಜ್ಯವನ್ನು ಕಲ್ಲಿನ ಯುಗದಿಂದ ರಾಕೆಟ್‌ವರೆಗೆ ಎಳೆಯುವುದು ನಿಮ್ಮ ಖುಷಿಯಾಗಿದ್ದರೆ, ಬಿಡುಗಡೆಯ ಆವೃತ್ತಿ ನಿಮಗಾಗಿ ಮಾಡಿದ್ದಲ್ಲ.

ನಾಲ್ಕನೇ ಗುಂಪೂ ಒಂದಿದೆ, ಗೇಮ್‌ಗೆ ಸಂಬಂಧಿಸದ ಸಿಟ್ಟು. 2024ರ ಮೇ ತಿಂಗಳಲ್ಲಿ ಹೆಲ್‌ಡೈವರ್ಸ್ 2ಕ್ಕೆ ಪ್ಲೇಸ್ಟೇಷನ್ ಅಕೌಂಟ್ ಕಡ್ಡಾಯ ಎಂದಾಗ ಕೆಲವೇ ದಿನದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ನೆಗೆಟಿವ್ ರಿವ್ಯೂ ಬಿದ್ದವು, ಸೋನಿ ಹಿಂದೆ ಸರಿಯಿತು. ಆ ಗೇಮ್ ಮಾತ್ರ ಸೀಕ್ವೆಲ್‌ಗಳ ಪೈಕಿ ಗಟ್ಟಿಯಾದವುಗಳಲ್ಲೊಂದು. ಗ್ರಾಫ್‌ನಲ್ಲಿ ಒಂದೇ ಕಡೆ ಕೆಂಪು ಕಂಬ ಎದ್ದಿದ್ದರೆ ಆ ದಿನ ಏನಾಯಿತೆಂದು ಹುಡುಕಿ.

ಪತ್ರಕರ್ತರ ರಿವ್ಯೂ ಬಗ್ಗೆ ಒಂದೇ ಮಾತು. ಯಾವ ಯಂತ್ರದಲ್ಲಿ ಆಡಿ ಬರೆದದ್ದು ಎಂದು ನೋಡಿ, ಮತ್ತು ರಿವ್ಯೂಗಳೆಲ್ಲ ಬಿಡುಗಡೆಯ ಗಂಟೆಗೇ ಹೊರಬಂದರೆ ಅನುಮಾನ ಪಡಿ.

ಪ್ರಿ-ಆರ್ಡರ್

ಕೂಸು ಹುಟ್ಟುವ ಮುಂಚೆ ಕುಲಾವಿ. ಡಿಜಿಟಲ್ ಗೇಮ್ ಸ್ಟಾಕ್ ಮುಗಿಯುವುದಿಲ್ಲ. ಹೆಚ್ಚು ದುಡ್ಡು ಕೊಟ್ಟರೆ ನಾಲ್ಕೈದು ದಿನ ಮೊದಲೇ ಆಡಬಹುದು ಎಂಬ ಡೀಲಕ್ಸ್ ಆವೃತ್ತಿ ಇನ್ನೂ ಕೆಟ್ಟದ್ದು: ಮೊದಲ ಪ್ಯಾಚ್‌ಗಿಂತ ಮುಂಚಿನ ಗೇಮ್‌ಗೆ ಹೆಚ್ಚಿನ ಬೆಲೆ. ಹಾಗೆ ಮುಂಚಿತವಾಗಿ ಆಡಿದ ಸಮಯವನ್ನೂ 2024ರ ಏಪ್ರಿಲ್‌ನಿಂದ ಸ್ಟೀಮ್ ರಿಫಂಡ್ ಲೆಕ್ಕಕ್ಕೆ ಸೇರಿಸುತ್ತದೆ.

ಎರಡು ಗಂಟೆಯನ್ನು ಬಳಸುವ ಕ್ರಮ

ಸ್ಟೀಮ್ ಮತ್ತು ಅಂಥದ್ದೇ ಇನ್ನೊಂದು ಅಂಗಡಿ ಎಪಿಕ್ ಎರಡರಲ್ಲೂ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ರಿಫಂಡ್ ಸಿಗುತ್ತದೆ. ಡೌನ್‌ಲೋಡ್ ಸಮಯ ಇದರಲ್ಲಿ ಸೇರದು (100 ಜಿಬಿ ಗೇಮ್‌ಗೆ 100 ಎಂಬಿಪಿಎಸ್ ಲೈನ್‌ನಲ್ಲಿ ಸುಮಾರು ಎರಡೂಕಾಲು ಗಂಟೆ ಬೇಕು). ಆದರೆ ಗೇಮ್ ಓಪನ್ ಇರುವಷ್ಟು ಹೊತ್ತೂ ಗಡಿಯಾರ ಓಡುತ್ತದೆ: ಶೇಡರ್ ಕಂಪೈಲ್ ಆಗುವಾಗ (ಗ್ರಾಫಿಕ್ಸ್ ಕಾರ್ಡ್‌ಗೆ ಬೇಕಾದ ಕೋಡ್ ತಯಾರಾಗುವಾಗ), ಮೆನುವಿನಲ್ಲಿ ನಿಂತಾಗ, ಆಟವನ್ನು ತಡೆಹಿಡಿದು ಊಟಕ್ಕೆ ಎದ್ದಾಗ. ಹಾಗಾಗಿ ಮೊದಲು ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ, ಬೇಕಾದ ಬೇರೆ ಅಕೌಂಟ್ ಬ್ರೌಸರ್‌ನಲ್ಲೇ ತೆರೆದಿಡಿ, ನಿಮ್ಮ ಕಾರ್ಡ್‌ಗೆ ಒಗ್ಗುವ ಸೆಟ್ಟಿಂಗ್ ಯಾವುದೆಂದು ಓದಿಟ್ಟುಕೊಳ್ಳಿ, ಫೋನಿನಲ್ಲಿ 100 ನಿಮಿಷದ ಟೈಮರ್ ಇಟ್ಟು ಶುರು ಮಾಡಿ.

1. ಮೊದಲ 15 ನಿಮಿಷ: ಶೇಡರ್ ಮುಗಿಯಲಿ. ಸೆಟ್ಟಿಂಗ್ ಹಾಕಿ, ಫ್ರೇಮ್ ಜನರೇಷನ್ ಆಫ್ ಮಾಡಿ, ಸ್ಟೀಮ್ ಓವರ್‌ಲೇಯ ಫ್ರೇಮ್ ಕೌಂಟರ್ ಆನ್ ಮಾಡಿ.
2. 40ನೇ ನಿಮಿಷದವರೆಗೆ: ಟ್ಯುಟೋರಿಯಲ್. ಸ್ಕಿಪ್ ಮಾಡಬಹುದಾದ ಕಟ್‌ಸೀನ್ ಎಲ್ಲ ಸ್ಕಿಪ್ ಮಾಡಿ. ಇಷ್ಟವಾದರೆ ಮತ್ತೆ ಮೊದಲಿಂದ ಶುರು ಮಾಡಿ ನೋಡಬಹುದು.
3. 75ರವರೆಗೆ: ನಿಮ್ಮ ಪಟ್ಟಿಯ ಮೊದಲ ಮೂರು ಕೆಲಸ. ಮಲ್ಟಿಪ್ಲೇಯರ್ ಆದರೆ ಸ್ನೇಹಿತರನ್ನು ಸೇರಿಸಿ ಎರಡು ಮ್ಯಾಚ್.
4. 95ರವರೆಗೆ: ಗೇಮ್‌ಗೆ ಬೆವರು ಇಳಿಸುವ ಜಾಗ. ಜನ ತುಂಬಿದ ಪೇಟೆ, ದೊಡ್ಡ ಯುದ್ಧ, ಬಿಡಿಭಾಗ ತುಂಬಿದ ರಾಕೆಟ್. ಸಿಟೀಸ್: ಸ್ಕೈಲೈನ್ಸ್ 2ರಂಥದ್ದಾದರೆ ಹೊಸ ಊರು ಶುರು ಮಾಡುವಾಗಲೇ 'ಎಲ್ಲ ಅನ್‌ಲಾಕ್' ಮತ್ತು 'ಮುಗಿಯದ ಹಣ' ಆನ್ ಮಾಡಿ, ದಟ್ಟ ವಸತಿ ಪ್ರದೇಶ ಎಳೆದು ವೇಗ ಹೆಚ್ಚಿಸಿ ನೋಡಿ.
5. ಟೈಮರ್ ಬಡಿದಾಗ: ಗೇಮ್ ಮುಚ್ಚಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಲಾಂಚರ್ ಇನ್ನೂ ಓಡುತ್ತಿದೆಯೇ ನೋಡಿ, ಇದ್ದರೆ ಅದನ್ನೂ ಮುಚ್ಚಿ. ಲಾಂಚರ್ ಹಿಂದೆ ಕೂತು ರಾತ್ರಿಯಿಡೀ ಸಮಯ ತಿಂದು ರಿಫಂಡ್ ಕಳೆಯುವುದು ಮಾಮೂಲಿ ಎಡವಟ್ಟು.

ತೀರ್ಮಾನ ಮಾರನೆಯ ದಿನ ಮಾಡಿ. 14 ದಿನ ಇದೆ, ಅವಸರ ಯಾಕೆ? ಮತ್ತೆ ತೆರೆಯಬೇಕು ಅನಿಸದಿದ್ದರೆ ಅದೇ ಉತ್ತರ.

ರಿಫಂಡ್ ಹಾಕುವುದು

ಸ್ಟೀಮ್‌ನಲ್ಲಿ ಹೆಲ್ಪ್, ಸ್ಟೀಮ್ ಸಪೋರ್ಟ್, ಪರ್ಚೇಸಸ್ ಎಂದು ಹೋಗಿ ಗೇಮ್ ಆರಿಸಿ, ರಿಫಂಡ್ ಬೇಕು ಎಂಬುದನ್ನು ಒತ್ತಿ. ದುಡ್ಡು ಸ್ಟೀಮ್ ವಾಲೆಟ್‌ಗೋ ಅಥವಾ ಪಾವತಿಸಿದ ದಾರಿಗೋ ಎಂದು ಕೇಳುತ್ತದೆ. ನಿಮ್ಮ ಪಾವತಿ ವಿಧಾನ ವಾಪಸಾತಿ ಒಪ್ಪದಿದ್ದರೆ ವಾಲೆಟ್ ಮಾತ್ರ ಕಾಣುತ್ತದೆ. ಕಾರಣ ಎರಡು ಸಾಲು ಸಾಕು. ಒಪ್ಪಿಗೆಯಾದ ಒಂದು ವಾರದೊಳಗೆ ಹಣ ಕಳಿಸುತ್ತಾರೆ, ಬ್ಯಾಂಕ್ ಕಡೆಯಿಂದ ಇನ್ನಷ್ಟು ದಿನ ಹಿಡಿಯಬಹುದು. ಬಂಡಲ್ ಕೊಂಡಿದ್ದರೆ ಅದರೊಳಗಿನ ಎಲ್ಲ ಗೇಮ್‌ಗಳ ಸಮಯ ಸೇರಿ 2 ಗಂಟೆ ಮೀರಿರಬಾರದು. ಬೇರೆ ಸೈಟಿನಲ್ಲಿ ಅಗ್ಗಕ್ಕೆ ಕೀ (ಗೇಮ್ ತೆರೆಯುವ ಕೋಡ್) ಕೊಂಡು ಹಾಕಿದ್ದರೆ ಸ್ಟೀಮ್ ಕೈಚೆಲ್ಲುತ್ತದೆ. ಸೇಲ್‌ಗೆ ಮುಂಚೆ ಕೊಂಡದ್ದನ್ನು ವಾಪಸ್ ಕೊಟ್ಟು ಸೇಲ್ ಬೆಲೆಗೆ ಮತ್ತೆ ಕೊಳ್ಳುವುದನ್ನು ದುರುಪಯೋಗ ಎನ್ನುವುದಿಲ್ಲ ಎಂದು ಅವರೇ ಬರೆದಿದ್ದಾರೆ, ಸಂಕೋಚ ಬೇಡ.

ಗಾಗ್ (GOG) ಎಂಬ ಇನ್ನೊಂದು ಪಿಸಿ ಅಂಗಡಿಯಲ್ಲಿ 30 ದಿನ, ಆಡಿದ್ದರೂ ಕೊಡುತ್ತಾರೆ. ಪ್ಲೇಸ್ಟೇಷನ್ ಸ್ಟೋರ್ ತೀರಾ ಬಿಗಿ: 14 ದಿನ, ಅದೂ ಡೌನ್‌ಲೋಡ್ ಶುರುವಾಗಿರದಿದ್ದರೆ. ಕೊಂಡ ಕೂಡಲೇ ಕನ್ಸೋಲ್ ತಾನೇ ಡೌನ್‌ಲೋಡ್ ಶುರು ಮಾಡಿದರೂ ಹಕ್ಕು ಹೋದಂತೆ, ಆದ್ದರಿಂದ ಆಟೊ-ಡೌನ್‌ಲೋಡ್ ಆಫ್ ಮಾಡಿ ಕೊಳ್ಳಿ. ನಿಂಟೆಂಡೊದಲ್ಲಿ ಬಿಡುಗಡೆಯಾದ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಕನ್ಸೋಲ್‌ನವರು ಅನುಮಾನವಿರುವ ಸೀಕ್ವೆಲ್ ಅನ್ನು ಡಿಸ್ಕ್‌ನಲ್ಲೇ ಕೊಳ್ಳುವುದು ಜಾಣತನ. ಮೊದಲ ತಿಂಗಳಲ್ಲೇ ಸೆಕೆಂಡ್ ಹ್ಯಾಂಡ್ ಮಾರಿದರೆ ಒಳ್ಳೆಯ ಬೆಲೆ ಸಿಗುತ್ತದೆ.

ಅವಧಿ ಮೀರಿದ ಮೇಲೆ, ಮತ್ತು ಹಳೆಯದನ್ನು ಕಾಪಾಡುವುದು

ಸಿಕ್ಕಿಹಾಕಿಕೊಂಡಿದ್ದರೆ ಅನ್‌ಇನ್‌ಸ್ಟಾಲ್ ಮಾಡಿ, ಗೇಮ್ ಪುಟ ಫಾಲೋ ಮಾಡಿ, ಮೂರು ತಿಂಗಳಿಗೊಮ್ಮೆ ಪ್ಯಾಚ್ ಟಿಪ್ಪಣಿ ಓದಿ. ಚೇತರಿಸಿಕೊಂಡವು ಇವೆ. ಡಯಾಬ್ಲೊ 3 ತನ್ನ ಹರಾಜು ಕಟ್ಟೆಯನ್ನು (ಆಟಗಾರರು ಆಯುಧ ಕೊಂಡು ಮಾರುವ ಸಂತೆ) 2014ರ ಮಾರ್ಚ್‌ನಲ್ಲಿ ಮುಚ್ಚಿ, ಅದೇ ತಿಂಗಳ ಎಕ್ಸ್‌ಪಾನ್ಷನ್‌ನೊಂದಿಗೆ ಬೇರೆಯೇ ಗೇಮ್ ಆಯಿತು. ಬ್ಯಾಟಲ್‌ಫೀಲ್ಡ್ 2042 ಸ್ಕೋರ್‌ಬೋರ್ಡ್ ತಂದಿತು, 2023ರಲ್ಲಿ ಕ್ಲಾಸ್‌ಗಳನ್ನೂ ಮರಳಿಸಿತು. ಆಂಡ್ರೊಮಿಡಾಗೆ ಮಾತ್ರ ಐದೇ ತಿಂಗಳಲ್ಲಿ ಸಿಂಗಲ್-ಪ್ಲೇಯರ್ ಪ್ಯಾಚ್ ನಿಂತಿತು, ಕಥೆಯ ಡಿಎಲ್‌ಸಿ ಬರಲಿಲ್ಲ. ಸ್ಟುಡಿಯೊದಲ್ಲಿ ಕೆಲಸ ಕಡಿತದ ಸುದ್ದಿ ಬಂದು ಪ್ಯಾಚ್‌ಗಳೂ ನಿಂತರೆ ಕಾಯುವುದನ್ನೂ ನಿಲ್ಲಿಸಿ.

ಇಷ್ಟರಲ್ಲಿ ಜನ ಮರೆಯುವ ಕೆಲಸವೊಂದಿದೆ, ಅದನ್ನು ಸೀಕ್ವೆಲ್ ಬರುವ ಮುಂಚೆಯೇ ಮಾಡಬೇಕು. ಹೊಸದು ಬಂದಾಗ ಹಳೆಯದು ಇರುತ್ತದೆ ಎಂಬ ಖಾತ್ರಿ ಇಲ್ಲ. ಓವರ್‌ವಾಚ್ 2 ಬಂದಾಗ (2022ರ ಅಕ್ಟೋಬರ್ 4) ಮೊದಲ ಓವರ್‌ವಾಚ್‌ನ ಸರ್ವರ್ ಮುಚ್ಚಿ, ಆರು ಜನರ ತಂಡ ಐದಕ್ಕೆ ಇಳಿಯಿತು. ಎರಡನೇ ಭಾಗ ಎನ್ನಲು ಕೊಟ್ಟ ಕಾರಣವಾದ ದೊಡ್ಡ ಪಿವಿಇ (ಕಂಪ್ಯೂಟರ್ ಶತ್ರುಗಳ ಎದುರು ಆಡುವ) ಯೋಜನೆಯನ್ನು ಮುಂದಿನ ವರ್ಷ ಕೈಬಿಟ್ಟರು. ವಾರ್‌ಕ್ರಾಫ್ಟ್ 3: ರೀಫೋರ್ಜ್ಡ್ (2020ರ ಜನವರಿ) ಹೊಸದನ್ನು ಕೊಳ್ಳದವರ ಹಳೆಯ ಗೇಮ್ ಜಾಗದಲ್ಲೂ ಬಂದು ಕೂತಿತು. ಜಿಟಿಎ ಟ್ರೈಲಜಿ ಹೊಸ ರೂಪದಲ್ಲಿ ಬರುವ ಮುನ್ನ ಹಳೆಯ ಮೂರು ಗೇಮ್‌ಗಳೂ ಸ್ಟೋರ್‌ಗಳಿಂದ ಇಳಿದವು. ಮೊದಲೇ ಕೊಂಡವರ ಲೈಬ್ರರಿಯಲ್ಲಿ ಉಳಿದವು.

ಹಾಗಾಗಿ ಸೀಕ್ವೆಲ್ ಅಥವಾ ರೀಮಾಸ್ಟರ್ ಘೋಷಣೆಯಾದ ವಾರವೇ ಹಳೆಯದನ್ನು ಕೊಂಡಿಡಿ. ಗಾಗ್‌ನಲ್ಲಿ ಇದ್ದರೆ ಅಲ್ಲೇ ಕೊಳ್ಳಿ, ಆಫ್‌ಲೈನ್ ಇನ್‌ಸ್ಟಾಲರ್ ಇಳಿಸಿ ಹೊರಗಿನ ಹಾರ್ಡ್ ಡಿಸ್ಕ್‌ಗೆ ಹಾಕಿ. ಸ್ಟೀಮ್‌ನಲ್ಲಾದರೆ ಗೇಮ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅಪ್‌ಡೇಟ್ಸ್‌ಗೆ ಹೋಗಿ, ಗೇಮ್ ತೆರೆದಾಗ ಮಾತ್ರ ಅಪ್‌ಡೇಟ್ ಆಗಲಿ ಎಂದು ಇಡಿ. ಅಲ್ಲೇ ಬೀಟಾಸ್ ಎಂಬ ವಿಭಾಗದಲ್ಲಿ ಕೆಲವು ಗೇಮ್‌ಗಳಿಗೆ ಹಳೆಯ ಆವೃತ್ತಿ ಸಿಗುತ್ತದೆ, ಮಾಡ್ ಮುರಿದಾಗ ಅದು ಉಪಯೋಗಕ್ಕೆ ಬರುತ್ತದೆ. ಸೇವ್ ಫೋಲ್ಡರ್ ಹೆಚ್ಚಾಗಿ ಡಾಕ್ಯುಮೆಂಟ್ಸ್‌ನ 'ಮೈ ಗೇಮ್ಸ್'ನಲ್ಲೋ ಆ್ಯಪ್‌ಡೇಟಾದಲ್ಲೋ ಇರುತ್ತದೆ. ಅದನ್ನೂ ಮಾಡ್ ಫೋಲ್ಡರ್ ಅನ್ನೂ ಜಿಪ್ ಮಾಡಿ, ಫೈಲ್ ಹೆಸರಿನಲ್ಲಿ ಗೇಮ್‌ನ ವರ್ಷನ್ ಸಂಖ್ಯೆ ಬರೆದಿಡಿ. ವರ್ಷನ್ ಬರೆಯದ ಜಿಪ್ ಫೈಲ್ ಎರಡು ವರ್ಷದ ನಂತರ ಯಾವ ಮಾಡ್‌ಗೂ ಹೊಂದುವುದಿಲ್ಲ.